ಕಾಕಾರ ಗಿಟಾರಿನ ದಪ್ಪ ತಂತಿಗಳು

ಹೋದ ವಾರ ನನ್ನ ಮೊಬೈಲು ಚಾರ್ಜ್ ಆಗುವುದನ್ನು ನಿಲ್ಲಿಸಿತು. ಇಲ್ಲಿ ಛತ್ರಪತಿ ಸಂಭಾಜಿನಗರದಲ್ಲಿ ನಮ್ಮ ಬ್ಯಾಂಕಿನ ಎದುರಿಗೇ ಒಂದು ಇಕ್ಕಟ್ಟಾದ ರಿಪೇರಿ ಅಂಗಡಿ ಇದೆ. ಅಲ್ಲಿಗೆ ಹೋಗಿ ಸ್ಟೂಲಿನ ಮೇಲೆ ಕುಳಿತೆ. ಅಂಗಡಿಯವನು ಸೋಲ್ಡರಿಂಗ್ ಐರನ್ ಕಾಯಿಸಿ ಅದರ ತುದಿಯನ್ನು ರಾಳದ ಡಬ್ಬಿಯಲ್ಲಿ ಅದ್ದಿದ. ಸುಂಯ್ ಎಂದು ಬಿಳಿ ಹೊಗೆ ಎದ್ದಿತು. ಆ ವಾಸನೆ... ಸುಟ್ಟ ಮರದ ಅಂಟಿನಂಥ, ಸ್ವಲ್ಪ ಸಿಹಿ, ಸ್ವಲ್ಪ ಗಂಟಲು ಕೆರೆಯುವ ವಾಸನೆ. ಎಷ್ಟೋ ವರ್ಷಗಳ ಮೇಲೆ ಮೂಗಿಗೆ ಬಡಿದದ್ದೇ ನಾಶಿಕದಲ್ಲಿ ನಾನಿದ್ದ ಮಹಡಿಯ ಕೆಳಗಿನ ಮನೆಯ ಊಟದ ಮೇಜು ಕಣ್ಣ ಮುಂದೆ ಬಂದು ನಿಂತಿತು. ಮೇಜಿನ ಮೇಲೆ ಹಳೆಯ ಪೇಪರು, ಪೇಪರಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಗಿಟಾರು, ಅದರ ಮೇಲೆ ಬಗ್ಗಿದ ಮೂರು ತಲೆಗಳು.

ಆ ಗಿಟಾರಿನ ಯಜಮಾನರನ್ನು ನಾನು ಕಾಕಾ ಎನ್ನುತ್ತಿದ್ದೆ, ಅಂದರೆ ಚಿಕ್ಕಪ್ಪ. ನನಗೆ ಅವರು ಸಂಬಂಧಿಕರಲ್ಲ. ಬ್ಯಾಂಕಿನವರು ನನ್ನನ್ನು ಬಾಗಲಕೋಟೆಯಿಂದ ಎತ್ತಿ ನಾಶಿಕಕ್ಕೆ ಹಾಕಿದಾಗ ನನಗೆ ಮರಾಠಿಯ ಗಂಧವೂ ಇರಲಿಲ್ಲ. ಬಾಡಿಗೆ ಮನೆ ಹುಡುಕುತ್ತ ಒಂದು ಓಣಿಯಲ್ಲಿ ನಡೆದಿದ್ದೆ. ಒಂದು ಗೇಟಿನೊಳಗಿಂದ, "ಬಿಸಲಾಗ ಬರೇ ತಲೀಲೆ ಹೊಂಟ್ರಲ್ಲ, ಟೊಪಗಿ ಯಾರ್ ಹಾಕ್ಕೋಬೇಕ?" ಎಂದು ಧಾರವಾಡದ ಕನ್ನಡದಲ್ಲಿ ಯಾರೋ ಗಂಡನನ್ನು ಬೈಯುವುದು ಕೇಳಿಸಿತು. ನಾನು ಅಲ್ಲೇ ನಿಂತುಬಿಟ್ಟೆ. ಆ ಬೈಗುಳ ಕೇಳಿ ನನಗೆ ಆದಷ್ಟು ಸಂತೋಷ ಯಾವ ಸ್ವಾಗತದಿಂದಲೂ ಆಗುತ್ತಿರಲಿಲ್ಲ. ಅವರ ಮನೆಯ ಮಹಡಿಯೇ ಖಾಲಿ ಇತ್ತು. ಬೈದವರು ಕಾಕು, ಬೈಸಿಕೊಂಡು ಮುಗುಳ್ನಗುತ್ತ ಟೊಪ್ಪಿಗೆ ಹಾಕಿಕೊಂಡವರು ಕಾಕಾ.

ಕಾಕಾ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿದ್ದವರು. ಅಲ್ಲಿ ಅವರದು ಮೀಟರುಗಳನ್ನು ಬಿಚ್ಚಿ, ಪರೀಕ್ಷಿಸಿ, ಮತ್ತೆ ಜೋಡಿಸುವ ಕೆಲಸ. ನಾನು ಹೋಗುವ ಹೊತ್ತಿಗೆ ನಿವೃತ್ತರಾಗಿದ್ದರು. ಬಲಗಾಲನ್ನು ತುಸು ಎಳೆದು ಹಾಕುತ್ತಿದ್ದರು. ಚಹದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿತ್ತಂತೆ. ನಡೆದಾಡುವಷ್ಟು ಸುಧಾರಿಸಿತ್ತು, ಬಲಗೈ ಬೆರಳುಗಳಿಗೆ ಮಾತ್ರ ಹಳೆಯ ಬಲ ಬಂದಿರಲಿಲ್ಲ. ಅದನ್ನೂ ಅವರು ನಗುತ್ತಲೇ ಹೇಳುತ್ತಿದ್ದರು. ನಗದೆ ಹೇಳುತ್ತಿದ್ದ ವಿಷಯ ಒಂದೇ, ಅದು ಗಿಟಾರಿನದು. ಹೇಳುತ್ತಿದ್ದರು ಎನ್ನುವುದಕ್ಕಿಂತ, ಹೇಳದೆ ಬಿಡುತ್ತಿದ್ದರು ಎನ್ನಬೇಕು.

ಅದನ್ನು ನನಗೆ ಹೇಳಿದವರು ಕಾಕು. ಕಾರ್ಖಾನೆಯ ಕೆಲಸದ ಜೊತೆಗೆ ಕಾಕಾ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದರು. ಗಣೇಶೋತ್ಸವ, ಮದುವೆ, ಪಿಂಪಳಗಾಂವ್ ಬಸವಂತದಲ್ಲಿ ದ್ರಾಕ್ಷಿಯ ಸುಗ್ಗಿ ಮುಗಿದ ಮೇಲಿನ ಕಾರ್ಯಕ್ರಮಗಳು... ಶಿಫ್ಟ್ ಮುಗಿಸಿ ಸ್ಕೂಟರಿನ ಮೇಲೆ ಗಿಟಾರ್ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಅದು ಜಪಾನಿನ ಹಳೆಯ ಮಾಲು. ಮದುವೆಗೆ ಮೊದಲೇ ಮುಂಬೈಯಲ್ಲಿ ಗೋವಾದ ಒಬ್ಬ ವಾದ್ಯಗಾರನಿಂದ ಕೊಂಡು ತಂದದ್ದು. ನಾಲ್ಕೇ ತಂತಿ. ಮೇಲಿನೆರಡು ದಪ್ಪ, ಕೆಳಗಿನೆರಡು ಅವಕ್ಕಿಂತ ಸಣ್ಣ. ಕಾಕು ಅದನ್ನು "ಆ ಕಟಗಿ" ಎನ್ನುತ್ತಿದ್ದರು. "ಆ ಕಟಗಿ ಹೆಗಲಿಗೆ ಹಾಕ್ಕೊಂಡ್ರ ಇವರಿಗೆ ಊಟ ನೆನಪಿಲ್ಲ, ನಾ ನೆನಪಿಲ್ಲ" ಎಂದು ದೂರುವಾಗಲೂ ಅವರ ದನಿಯಲ್ಲಿ ಹೆಮ್ಮೆಯಿರುತ್ತಿತ್ತು.

ಲಕ್ವಾ ಹೊಡೆದದ್ದೂ ಅದನ್ನು ಹೆಗಲಿಗೆ ಹಾಕಿಕೊಂಡಿದ್ದಾಗಲೇ. ಒಂದು ಸಂಜೆ ಮನೆಯ ಹಾಲ್‌ನಲ್ಲಿ ನಿಂತು ನುಡಿಸುತ್ತಿದ್ದವರು ನಡುವೆಯೇ ತಪ್ಪಾಗಿ ಏನೋ ಬಾರಿಸಿದರು. ಕಾಕು ಒಳಗಿನಿಂದ, "ಯಾಕ, ಮರತ್ರೇನು?" ಎಂದು ಕೂಗಿದರು. ಉತ್ತರವಾಗಿ ಬಿದ್ದ ಸದ್ದು ಕೇಳಿಸಿತು. ಗಿಟಾರು ಅವರ ಮೈ ಕೆಳಗೆ ಸಿಕ್ಕಿತ್ತು.

ಆಸ್ಪತ್ರೆಯಿಂದ ಬಂದು ಕೆಲವು ತಿಂಗಳಾದ ಮೇಲೆ ಕಾಕಾ ಅದನ್ನು ಕೈಗೆತ್ತಿಕೊಂಡರು. ಸಣ್ಣ ತಂತಿಗಳು ನುಡಿದವು, ದಪ್ಪ ತಂತಿಗಳು ನುಡಿಯಲಿಲ್ಲ. ಪೂರ್ತಿ ಮೂಕವಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಗುನುಗಿದ ಹಾಗೆ. ದಪ್ಪ ತಂತಿಯನ್ನು ಮೀಟಲು ಬೆರಳಲ್ಲಿ ಜೋರು ಬೇಕು, ಆ ಜೋರು ಹೋಯಿತು ಎಂದುಕೊಂಡರು. ಆಮೇಲೂ ಒಂದೆರಡು ಸಲ ಪ್ರಯತ್ನಿಸಿದರು. ಕೊನೆಗೆ ಗಿಟಾರನ್ನು ಪೆಟ್ಟಿಗೆಗೆ ಹಾಕಿ ಮಂಚದ ಕೆಳಗೆ ತಳ್ಳಿದರು. ಸದ್ದು ಕೊಡುವ ದೊಡ್ಡ ಸ್ಪೀಕರಿನ ಡಬ್ಬಿಯ ಮೇಲೆ ಕಾಕು ಕ್ರೋಶಾದ ಬಟ್ಟೆ ಹಾಸಿ ಹೂದಾನಿ ಇಟ್ಟರು. ನಾನು ಬಹಳ ದಿನ ಅದನ್ನು ಒಂದು ಸಣ್ಣ ಮೇಜು ಎಂದೇ ತಿಳಿದಿದ್ದೆ.

ಹೀಗಿರುವಾಗ ದೀಪಾವಳಿ ಮುಗಿದ ಮೇಲೆ ಒಂದು ರವಿವಾರ ಮನ್ಮಾಡದಿಂದ ಒಬ್ಬರು ಬಂದರು. ಆರ್ಕೆಸ್ಟ್ರಾದ ಗಾಯಕರು. ಅವರು ಮರಾಠಿಯವರು, ಮನ್ಮಾಡ್ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ. ಅವರೂ ನಿವೃತ್ತರಾಗುವವರಿದ್ದರು. ಆ ನೆಪದಲ್ಲಿ ಹಳೆಯವರೆಲ್ಲ ಸೇರಿ ಮನ್ಮಾಡದ ಒಂದು ಸಭಾಗೃಹದಲ್ಲಿ ಒಂದೇ ಒಂದು ಸಂಜೆ ನುಡಿಸೋಣ ಎಂದು ಕರೆಯಲು ಬಂದಿದ್ದರು. ಕಾಕಾ ಬಲಗೈ ಎತ್ತಿ ತೋರಿಸಿ, "ನಾಹೀ ಜಮ್ಣಾರ್ ರೇ" ಎಂದರು, ಆಗುವುದಿಲ್ಲವೋ ಎಂದು. ಗಾಯಕರು ಬಹಳ ಹೊತ್ತು ಬೇಡಿಕೊಂಡರು. ಬರೀ ಬಂದು ಕುಳಿತುಕೋ ಎಂದರು. ಕಾಕಾ ಅದಕ್ಕೂ ಒಲ್ಲೆನೆಂದು ತಲೆಯಾಡಿಸಿದರು. ಕಾಕು ಕೊಟ್ಟ ಅವಲಕ್ಕಿ ಹಾಗೇ ಉಳಿಯಿತು. ಗೇಟಿನ ತನಕ ಹೋದ ಗಾಯಕರು ಹಿಂದಿರುಗಿ ನೋಡಿದರು, ಕಾಕಾ ನೋಡಲಿಲ್ಲ.

ನಾನು ಚಟ್ನಿಪುಡಿ ತೆಗೆದುಕೊಂಡು ಹೋಗಲು ಕೆಳಗೆ ಬಂದವಳು ಅಲ್ಲೇ ಇದ್ದೆ. ಅವರು ಹೋದ ಮೇಲೆ, ಸುಮ್ಮನಿರಲಾರದೆ, "ಕಾಕಾ, ಬರೇ ಹೋಗಿ ಕೂತ ಬರ್ರಲ್ಲ" ಎಂದೆ.

ಅವರು ಅಷ್ಟು ಸಿಟ್ಟಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೆಯೂ ನೋಡಲಿಲ್ಲ. ಮಂಚದ ಕೆಳಗಿನ ಪೆಟ್ಟಿಗೆಯನ್ನು ಎಳೆದರು. ಹೂದಾನಿ ಎತ್ತಿ ನೆಲದ ಮೇಲಿಟ್ಟರು. ವೈರು ಚುಚ್ಚಿದರು. ಡಬ್ಬಿ ಗುಂಯ್ ಎಂದಿತು. ಸಣ್ಣ ತಂತಿ ಮೀಟಿದರು, ಅದರ ಸದ್ದಿಗೆ ಕಿಟಕಿಯ ಗಾಜು ಝಣ್ ಎಂದಿತು. ದಪ್ಪ ತಂತಿ ಮೀಟಿದರು. ಏನೂ ಇಲ್ಲ ಎನ್ನುವಷ್ಟು ಕಡಿಮೆ.

"ಕೇಳಿಸ್ತೇನ್ರಿ? ಇದನ್ನ ತಗೊಂಡ ಹೋಗಿ ಮಂದಿ ಮುಂದ ಕೂಡ್ಲಾ?" ಎಂದರು. ಗಿಟಾರನ್ನು ಹಾಸಿಗೆಯ ಮೇಲಿಟ್ಟು ವರಾಂಡಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತರು. ಕಾಕು ಅಡಿಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದರು.

ಡಬ್ಬಿ ಇನ್ನೂ ಗುಂಯ್ ಎನ್ನುತ್ತಲೇ ಇತ್ತು. ನನ್ನ ಕೈ ಸುಮ್ಮನಿರಲಿಲ್ಲ. ಅದುವರೆಗೆ ನಾನು ಯಾವ ವಾದ್ಯವನ್ನೂ ಮುಟ್ಟಿದವಳಲ್ಲ. ಮಂಚದ ಪಕ್ಕ ಕುಳಿತು ಹೆಬ್ಬೆರಳಿನಿಂದ ಸಣ್ಣ ತಂತಿಯನ್ನು ಎಳೆದೆ. ಧಂ ಎಂದಿತು, ಹೆದರಿ ಕೈ ತೆಗೆದೆ. ಆಮೇಲೆ ಎಲ್ಲಕ್ಕಿಂತ ದಪ್ಪದ್ದನ್ನು ಎಳೆದೆ. ಗುನುಗಿತು, ಅಷ್ಟೇ. ಇನ್ನೂ ಜೋರಾಗಿ, ಹೆಬ್ಬೆರಳು ಉರಿಯುವ ಹಾಗೆ ಎಳೆದೆ. ಮತ್ತೆ ಅದೇ ಗುನುಗು.

ವರಾಂಡದಲ್ಲಿ ಕಾಕಾ ತಿರುಗಿದರು.

"ಇನ್ನೊಮ್ಮೆ ಬಾರಸ್ರಿ" ಎಂದರು.

ಬಾರಿಸಿದೆ.

"ಪೂರಾ ಜೋರ್ಲೆ."

ಪೂರಾ ಜೋರಿನಿಂದ ಎಳೆದೆ. ಅವರು ಕಾಲೆಳೆಯುತ್ತ ಒಳಗೆ ಬಂದು ನನ್ನ ಎದುರಿಗೆ ಹಾಸಿಗೆಯ ಮೇಲೆ ಕುಳಿತರು. ನನ್ನ ಕೈಯನ್ನು ನೋಡಿದರು. ತಮ್ಮ ಕೈಯನ್ನು ನೋಡಿದರು. "ನಿಮಗೇನ್ ಲಕ್ವಾ ಹೊಡದಿಲ್ಲಲ್ಲ..." ಎಂದು ಮೆಲ್ಲಗೆ, ತಮಗೇ ಹೇಳಿಕೊಂಡಂತೆ ಅಂದರು. ಆಮೇಲೆ ಕಾಕು ಕಡೆ ತಿರುಗಿ, ಸಣ್ಣ ಹುಡುಗರು ದೂರು ಹೇಳುವ ದನಿಯಲ್ಲಿ, "ಏ, ಕೆಟ್ಟದ್ದು ಇದು! ನಾ ಅಲ್ಲ!" ಎಂದರು.

ಹೊಟ್ಟೆಪಾಡಿಗೆ ಇಡೀ ಜನ್ಮ ಕೆಟ್ಟ ಮೀಟರುಗಳನ್ನು ಬಿಚ್ಚಿದ ಮನುಷ್ಯ ಅವರು. ಆದರೆ ಈ ಒಂದು ವಸ್ತುವನ್ನು ಬಿಚ್ಚಿ ನೋಡಬೇಕು ಎಂದು ಅವರಿಗೆ ಅನ್ನಿಸಿರಲೇ ಇಲ್ಲ. ತಮ್ಮ ಮೇಲೆ ಅಷ್ಟು ಗಟ್ಟಿಯಾಗಿ ಅನುಮಾನ ಬಂದಿತ್ತು. ನುಡಿಸುವುದು ತಮ್ಮಿಂದ ಮುಗಿಯಿತು ಎಂದು ಒಪ್ಪಿಕೊಂಡ ಮೇಲೆ ಗಿಟಾರನ್ನು ಪರೀಕ್ಷಿಸುವುದಾದರೂ ಯಾಕೆ?

ಆಮೇಲಿನ ರವಿವಾರಗಳೆಲ್ಲ ಆ ಗಿಟಾರಿಗೇ ಮೀಸಲಾದವು. ಮೊದಲು ಅನುಮಾನ ಬಂದದ್ದು ತಂತಿಗಳ ಮೇಲೆ. ಹಳೆಯವು, ಜಂಗು ಹಿಡಿದಿವೆ, ಕುದಿಸಿದರೆ ಕೊಳೆ ಬಿಟ್ಟು ಸದ್ದು ತೆರೆಯುತ್ತದೆ ಎಂದರು ಕಾಕಾ. ಕಾಕು ಹಾಲು ಕಾಯಿಸುವ ಪಾತ್ರೆ ಕೊಡಲು ಒಪ್ಪದೆ, ಮೂಲೆಯ ಒಂದು ನಗ್ಗಿದ ಬೋಗುಣಿ ಕೊಟ್ಟರು. ಅದರಲ್ಲಿ ನಾಲ್ಕು ತಂತಿಗಳು ಶ್ಯಾವಿಗೆಯ ಹಾಗೆ ಕುದ್ದವು. "ಉಪ್ಪು ಹಾಕ್ಲೇನು?" ಎಂದು ಕಾಕು ಕೇಳಿದ್ದಕ್ಕೆ ಮೂವರೂ ನಕ್ಕೆವು. ತಂತಿಗಳು ಹೊಳೆದವು. ಆದರೆ ದಪ್ಪ ತಂತಿಗಳ ಸದ್ದು ಏಳಲಿಲ್ಲ.

ತಂತಿಗಳ ಕೆಳಗೆ ಎರಡು ಕಪ್ಪು ತುಂಡುಗಳಿದ್ದವು. ಪಿಕಪ್ ಎನ್ನುತ್ತಾರೆ. ಅದರೊಳಗೆ ಅಯಸ್ಕಾಂತ, ಅದಕ್ಕೆ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸುರುಳಿ. ಒಂದು ತುಂಡು ಎರಡು ದಪ್ಪ ತಂತಿಗಳದ್ದು, ಇನ್ನೊಂದು ಎರಡು ಸಣ್ಣ ತಂತಿಗಳದ್ದು. ತಂತಿ ಅಲುಗಿದ್ದನ್ನು ಇವು ಕೇಳಿಸಿಕೊಂಡು ಡಬ್ಬಿಗೆ ಕಳಿಸುತ್ತವೆ ಎಂದು ಕಾಕಾ ನನಗೆ ತಿಳಿಸಿ ಹೇಳಿದರು. ಕೇಳಿಸಿಕೊಳ್ಳಲು ದೂರವಾಗಿರಬಹುದು ಎಂದು ದಪ್ಪ ತಂತಿಗಳ ಕೆಳಗಿನ ತುಂಡನ್ನು ಸ್ಕ್ರೂ ತಿರುಗಿಸಿ ಮೇಲಕ್ಕೆತ್ತಿದರು. ತಂತಿಗೆ ತಾಗುವಷ್ಟು ಎತ್ತಿದರೂ ಅಂಥ ಫರಕು ಬೀಳಲಿಲ್ಲ.

ಆಮೇಲೆ ಅವರಿಗೆ ಒಂದು ಉಪಾಯ ಹೊಳೆಯಿತು. ಡಬ್ಬಿ ಚಾಲೂ ಮಾಡಿ, ತಂತಿ ಮುಟ್ಟದೆ, ಸ್ಕ್ರೂಡ್ರೈವರಿನ ತುದಿಯಿಂದ ಆ ಕಪ್ಪು ತುಂಡುಗಳ ಮೇಲೆ ಮೆಲ್ಲಗೆ ತಟ್ಟಿದರು. ಸಣ್ಣ ತಂತಿಗಳ ಕಡೆ ತಟ್ಟಿದಾಗ ಡಬ್ಬಿಯಿಂದ ಬಾಗಿಲು ಬಡಿದಂತೆ ಟಕ್ ಟಕ್ ಎಂದು ಬಂತು. ದಪ್ಪ ತಂತಿಗಳ ಕಡೆ ತಟ್ಟಿದರೆ ಏನೂ ಇಲ್ಲ. ಕಾಕಾರ ಮುಖ ಅರಳಿತು. "ಒಂದ ಕಿವಿ ಕಿವುಡಾಗೇದ" ಎಂದರು.

ಬಿಚ್ಚಿದೆವು. ಒಳಗಿನ ಸ್ಪಂಜು ಮುಟ್ಟಿದರೆ ಪುಡಿಯಾಗುತ್ತಿತ್ತು. ಸುರುಳಿ ಸರಿ ಇತ್ತು. ಅದರಿಂದ ಹೊರಬರುವ ಎರಡು ವೈರುಗಳ ಮೇಲಿನ ಬಟ್ಟೆಯ ಹೊದಿಕೆ ಹಳತಾಗಿ ಉದುರಿಹೋಗಿತ್ತು. ಒಂದು ಕಡೆ ಎರಡೂ ಬತ್ತಲೆ ವೈರುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಕಾಕಾ ಭೂತಗನ್ನಡಿಯಲ್ಲಿ ನೋಡಿದರು, ನನಗೆ ಕೊಟ್ಟರು, ನಾನು ಕಾಕುಗೆ ಕೊಟ್ಟೆ. "ಸದ್ದು ಡಬ್ಬಿಗೆ ಹೋಗೂದ ಇಲ್ಲ, ಬಾಗಲದಾಗಿಂದನ ಹೊಳ್ಳಿ ಹೋಗ್ತದ" ಎಂದು ಕಾಕಾ ವಿವರಿಸಿದರು. ಪಿಕಪ್ಪಿನ ಆ ಅಂಚಿನಲ್ಲೇ ಒಂದು ಸೀಳು ಇತ್ತು. ಅವರು ಬಿದ್ದ ದಿನ ಮೈಭಾರ ಬಿದ್ದ ಜಾಗ. ಅಂದರೆ ಕಾಕಾರ ಕೈ ಸೋತದ್ದೂ ಗಿಟಾರಿನ ದನಿ ಹೋದದ್ದೂ ಒಂದೇ ಗಳಿಗೆಯಲ್ಲಿ... ಕಾಕಾ ಆ ಸೀಳಿನ ಮೇಲೆ ಹೆಬ್ಬೆರಳು ಸವರಿದರು. "ಪಾಪ, ನನ್ನ ಕೂಡನ ಬಿದ್ದಿತ್ತು" ಎಂದರು.

ಹಳೆಯ ವೈರು ಕತ್ತರಿಸಿ ಹೊಸ ತುಂಡು ಬೆಸೆಯಬೇಕಿತ್ತು. ಸುರುಳಿಯ ತಂತಿ ಎಷ್ಟು ಸಣ್ಣದೆಂದರೆ ಕಾದ ಐರನ್ ಒಂದು ಚೂರು ಆಚೀಚೆಯಾದರೂ ಸುಟ್ಟುಹೋಗುತ್ತದೆ. ಕಾಕಾ ಬಲಗೈಯಲ್ಲಿ ಹಿಡಿದರು, ನಡುಗಿತು. ಎಡಗೈಯಲ್ಲಿ ಹಿಡಿದರು, ಅಭ್ಯಾಸವಿಲ್ಲ. ನನಗೆ ಕೊಟ್ಟರು. ಸುರುಳಿ ಸುಟ್ಟೀತೆಂದು ಹೆದರಿ ನಾನು ಐರನ್ ಕೆಳಗಿಟ್ಟೆ. ಅಂಗಡಿಗೆ ಒಯ್ಯೋಣ ಎಂದೆ. ಕಾಕಾ ಬೇರೆಯವರ ಕೈಗೆ ಕೊಡಲು ಒಪ್ಪಲಿಲ್ಲ. ಸಿಕ್ಕ ದಾರಿ ಮತ್ತೆ ಮುಚ್ಚಿತೇನೋ ಎನ್ನಿಸಿತು.

ಆಗ ಕಾಕು ಕಾಕಾರ ಮೂಗಿನ ಮೇಲಿನ ಚಾಳೀಸನ್ನು ಕಿತ್ತು ತಮ್ಮ ಮೂಗಿಗೆ ಏರಿಸಿದರು. ಅವರು ಮೊದಲಿಂದಲೂ ಕಸೂತಿ ಹಾಕುವವರು, ಸೀರೆಯ ಎಳೆ ಎಣಿಸಿ ಸೂಜಿ ಚುಚ್ಚುವ ಕೈ. "ಎಲ್ಲಿ ಟಾಕಾ ಹಾಕಬೇಕು ಹೇಳ್ರಿ" ಎಂದರು. ಅವರ ಪಾಲಿಗೆ ಹೊಲಿಗೆಯೂ ಟಾಕಾ, ಬೆಸುಗೆಯೂ ಟಾಕಾ.

ರಾಳದ ಹೊಗೆ ಎದ್ದಿತು. ಕಾಕು ಕೆಮ್ಮಿದರು, ಕೈ ಅಲುಗಲಿಲ್ಲ. ಮೊದಲನೆಯದು ದಪ್ಪಗೆ ಗೋಲಿಯ ಹಾಗೆ ನಿಂತು ಕಳಚಿತು. "ಕಾವು ಕಡಿಮಿ ಆತು" ಎಂದರು ಕಾಕಾ. "ಸುಮ್ಮನಿರ್ರಿ, ನನಗ ತಿಳೀತು" ಎಂದರು ಕಾಕು. ಎರಡನೆಯದು ಕೂತಿತು. ಅವರು ಐರನ್ ಕೆಳಗಿಟ್ಟಾಗ ಹಣೆಯ ತುಂಬ ಬೆವರು.

ಎಲ್ಲ ಜೋಡಿಸಿ, ವೈರು ಚುಚ್ಚಿ, ಕಾಕಾ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಜೋರಾಗಿ ಎಳೆಯುತ್ತಾರೆ ಎಂದುಕೊಂಡಿದ್ದೆ. ಅವರು ಆ ಸೋತ ತೋರುಬೆರಳನ್ನು ಎಲ್ಲಕ್ಕಿಂತ ದಪ್ಪ ತಂತಿಯ ಮೇಲಿಟ್ಟು ಸುಮ್ಮನೆ ಜಾರಿಸಿದರು. ಸದ್ದು ಮೊದಲು ನೆಲದಲ್ಲಿ ಬಂತು, ಆಮೇಲೆ ನಾನು ಕುಳಿತ ಕುರ್ಚಿಯಲ್ಲಿ, ಆಮೇಲೆ ಎದೆಯಲ್ಲಿ. ಇನ್ನೊಮ್ಮೆ ಜಾರಿಸಿದರು. ಮತ್ತೊಮ್ಮೆ. ಬೇರೇನೂ ನುಡಿಸಲಿಲ್ಲ, ಅದೊಂದೇ ಸ್ವರ. ಬೆರಳಿನಲ್ಲಿ ಬಲವಿರಲಿಲ್ಲ ಎಂಬುದು ನಿಜ. ಆದರೆ ಅಷ್ಟು ಬಲ ಬೇಕಾಗಿಯೂ ಇರಲಿಲ್ಲ. "ಇಷ್ಟ ಸಾಕಿತ್ತಲ್ಲ..." ಎಂದು ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡರು. ಕಾಕು ಒಳಗೆ ಹೋಗಿ ಚಹಕ್ಕಿಟ್ಟರು.

ಅಂದೇ ಮನ್ಮಾಡಕ್ಕೆ ಫೋನ್ ಹೋಯಿತು. ಆ ಕಡೆಯಿಂದ ಗಾಯಕರು ಎಷ್ಟು ಜೋರಾಗಿ ಕೂಗಿದರೆಂದರೆ ಕಾಕಾ ಫೋನನ್ನು ಕಿವಿಯಿಂದ ದೂರ ಹಿಡಿದರು.

ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಸಭಾಗೃಹ ಅರ್ಧ ತುಂಬಿತ್ತು, ಬಹುಪಾಲು ರೈಲ್ವೆಯವರು ಮತ್ತು ಅವರ ಮನೆಯವರು. ಎಲ್ಲರೂ ನಿಂತು ನುಡಿಸಿದರೆ ಕಾಕಾ ಒಬ್ಬರು ಕುರ್ಚಿಯ ಮೇಲೆ ಕುಳಿತಿದ್ದರು. ಎಲ್ಲ ಚೆನ್ನಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಎರಡು ಹಾಡು ಸರಾಗವಾಗಿ ಹೋದವು, ಮೂರನೆಯದರ ನಡುವೆ ಬೆರಳು ದಣಿದು ತಾಳ ಹಿಂದೆ ಬಿತ್ತು. ಮುಂದಿನ ಸಾಲಿನಲ್ಲಿ ಕಾಕು ನನ್ನ ಮೊಣಕೈ ಹಿಡಿದುಕೊಂಡರು. ಗಾಯಕರು ಹಾಡುತ್ತಲೇ ಒಮ್ಮೆ ತಿರುಗಿ ಕಾಕಾರನ್ನು ನೋಡಿದರು. ಆಮೇಲೆ, ಯಾರಿಗೂ ಏನೂ ಹೇಳದೆ, ನಿಧಾನದ ಹಾಡುಗಳನ್ನೇ ಆರಿಸಿ ಹಾಡಿದರು. ಕುಣಿಯುವ ಹಾಡು ಬೇಕೆಂದು ಹಿಂದಿನ ಸಾಲಿನವರು ಚೀಟಿ ಕಳಿಸಿದರೆ ಓದಿ ಜೇಬಿಗೆ ಹಾಕಿಕೊಂಡರು. ಕಾಕಾ ಬೆರಳು ಬಿಟ್ಟು ಹೆಬ್ಬೆರಳಿನಿಂದ ನುಡಿಸಿದರು. ತಾಳದ ಒಂದು ಆವರ್ತಕ್ಕೆ ಒಂದೇ ಪೆಟ್ಟು, ದಪ್ಪ ತಂತಿಯ ಮೇಲೆ. ಅದು ಗುಂಡಾಗಿ ಇಡೀ ಸಭಾಗೃಹವನ್ನು ತುಂಬುತ್ತಿತ್ತು. ಅವರ ಕಣ್ಣು ಮುಚ್ಚಿತ್ತು. ಮರಳಿ ಬರುವಾಗ ರೈಲಿನಲ್ಲಿ ಗಿಟಾರಿನ ಪೆಟ್ಟಿಗೆಗೆ ಒರಗಿ, ಬಾಯಿ ತೆರೆದು ನಿದ್ದೆ ಹೋದರು.

ಆಮೇಲೆ ಪ್ರತಿ ರವಿವಾರ ಬೆಳಿಗ್ಗೆ ನನ್ನ ಕೋಣೆಯ ನೆಲ ಮೆಲ್ಲಗೆ ನಡುಗುತ್ತಿತ್ತು. ಹಾಸಿಗೆಯಲ್ಲಿ ಮಲಗಿಯೇ ಕೇಳುತ್ತಿದ್ದೆ. ಕೇಳುತ್ತಿದ್ದೆ ಅನ್ನುವುದೂ ಸರಿಯಲ್ಲ, ಅದು ಬೆನ್ನಿಗೆ ಬರುತ್ತಿತ್ತು... ಹೀಗೆ ಒಂದು ವರ್ಷ ಕಳೆದಿರಬೇಕು. ನನಗೆ ಸಂಭಾಜಿನಗರದ ಶೇಂದ್ರಾ ಕಡೆಯ ಶಾಖೆಗೆ ವರ್ಗವಾಯಿತು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಕಾಕು ಫೋನ್ ಮಾಡಿದರು. ಎರಡನೆಯ ಸಲ ಹೊಡೆದ ಲಕ್ವಾ ಕಾಕಾರನ್ನು ಉಳಿಸಲಿಲ್ಲ. ನಾನು ನಾಶಿಕ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗಾಯಕರು ಗೇಟಿನ ಹೊರಗೆ ಚಪ್ಪಲಿಗಳ ನಡುವೆ ಒಬ್ಬರೇ ನಿಂತಿದ್ದರು. ಗಿಟಾರನ್ನು ಕಾಕು ಅವರಿಗೇ ಕೊಟ್ಟರು. ಈಗ ಕಾಕು ಪುಣೆಯಲ್ಲಿ ಮಗಳ ಮನೆಯಲ್ಲಿದ್ದಾರೆ.

ಮೊಬೈಲು ರಿಪೇರಿಯಾಗಿ ಕೈಗೆ ಬಂದದ್ದೇ ಅಂಗಡಿಯ ಹೊರಗೆ ನಿಂತು ಕಾಕುಗೆ ಫೋನ್ ಮಾಡಿದೆ. ಊಟ, ಮೊಣಕಾಲು ನೋವು, ಮರಾಠಿಯಲ್ಲೇ ಉತ್ತರ ಕೊಡುವ ಮೊಮ್ಮಗಳು, ಎಲ್ಲ ಮಾತಾಯಿತು. ಆಮೇಲೆ ಮನ್ಮಾಡದ ಆ ಸಂಜೆಯ ಮಾತು ತೆಗೆದೆ. ಕಾಕು ನಕ್ಕರು.

"ಮಂಚದ ಕೆಳಗ ಕಸಾ ಹೊಡಿಯೂ ಮುಂದ ಆ ಪೆಟಗಿ ದಿನಾ ಸರಸ್ತಿದ್ನವಾ" ಎಂದರು. "ಒರಸ್ತಿದ್ದೆ, ಮತ್ತ ಒಳಗ ಇಡ್ತಿದ್ದೆ. ಅವರಿಗೆ ಬ್ಯಾಸರಾಗ್ತದ ಅಂತ ಒಂದಿನಾನೂ ತಗದು ಮುಟ್ಟಲಿಲ್ಲ. ನಾ ಒಮ್ಮೆ ಸುಮ್ಮನ ಬೆರಳಾಡ್ಸಿದ್ರ... ಎರಡು ವರ್ಷ, ಯವ್ವಾ. ಎರಡು ವರ್ಷ ಅವರು ನುಡಸಬಹುದಿತ್ತು."

ಟಾಕಾ ಹಾಕಿದ್ದು ನೀವೇ ಅಲ್ಲವೇ ಎನ್ನಬೇಕೆಂದುಕೊಂಡೆ, ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು. ರಸ್ತೆಯ ಗದ್ದಲದ ನಡುವೆ ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತಿದ್ದೆ. ಆ ಕಡೆ ಕುಕ್ಕರ್ ಕೂಗಿತು. ಕಾಕು, "ಹೊರಗ ಬಿಸಲದ, ತಲೀಗೆ ಏನರೆ ಹಾಕ್ಕೋ" ಎಂದು ಹೇಳಿ ಫೋನ್ ಇಟ್ಟರು.